ಅಮ್ಮನ ಕಿವಿಯೂ ನಡುಮನೆಯ ಟೀವಿಯೂ

ಟೀವಿ ನೋಡುವುದೆಂದರೆ ನನಗೆ ಬರೀ ಪರದೆ ನೋಡುವುದಲ್ಲ. ಒಬ್ಬರು ಅವರೆಕಾಯಿ ಸುಲಿಯುತ್ತ, ಒಬ್ಬರು ಬಟ್ಟೆ ಮಡಚುತ್ತ, ಇನ್ನೊಬ್ಬರು ದಿವಾನದ ಮೇಲೆ ಕಾಲು ಚಾಚಿ, ನಡುನಡುವೆ ‘ಇವನ್ಯಾರು, ಅವಳ ತಮ್ಮನಾ?’ ಎಂದು ಕೇಳುತ್ತ ಕೂರುವ ಸುಖ ಅದು. ಈ ಸುಖಕ್ಕೆ ಕುತ್ತು ಬರುವುದು ಕಿವಿಯ ಕಡೆಯಿಂದ. ಹಿರಿಯರಿಗೆ ಸಾಲದ ಸದ್ದು ಪಕ್ಕದ ಕೋಣೆಯಲ್ಲಿ ಓದುವ ಮಗುವಿಗೆ ವಿಪರೀತ. ರಿಮೋಟು ಕೈಯಿಂದ ಕೈಗೆ ಹೋಗುತ್ತದೆ, ಮುಖಗಳು ಬಿಗಿಯುತ್ತವೆ.

“ಮಾತು ಕೇಳತ್ತೆ ಕಣೋ, ಏನಂದ್ರು ಅಂತ ತಿಳಿಯಲ್ಲ” ಎನ್ನುತ್ತಿದ್ದಳು ನಮ್ಮಮ್ಮ. ಅದು ಅಕ್ಷರಶಃ ನಿಜ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಕೀರಲು ಸದ್ದುಗಳನ್ನು. ಆ, ಓಗಳಂಥ ಸ್ವರಗಳು ಗಟ್ಟಿಯಾಗಿಯೇ ತಲುಪುತ್ತವೆ. ಸಕಾರ, ತಕಾರಗಳ ಅಂಚು ಸವೆದುಹೋಗಿರುತ್ತದೆ. ಊಟಕ್ಕೆ ಕೂತಾಗ ನಾನು ‘ಸಾಕು’ ಎಂದರೆ ಅಮ್ಮನಿಗೆ ‘ಹಾಕು’ ಎಂದು ಕೇಳಿಸಿ ಇನ್ನೊಂದು ಸೌಟು ಹುಳಿ ಬೀಳುತ್ತಿತ್ತು. ಊಟದಲ್ಲಿ ಅದು ಲಾಭವೇ. ಧಾರಾವಾಹಿಯಲ್ಲಿ ಮಾತ್ರ ಕಥೆಯೇ ಕೈತಪ್ಪುತ್ತದೆ. ಈಗಿನ ತೆಳ್ಳನೆಯ ಟೀವಿಗಳಲ್ಲಿ ಸ್ಪೀಕರಿನ ಮುಖ ನೆಲಕ್ಕೋ ಗೋಡೆಗೋ ತಿರುಗಿರುವುದರಿಂದ ಮಾತು ಇನ್ನಷ್ಟು ಮಸುಕು.

ಹೆಡ್‌ಫೋನ್ ತಂದರೆ ಸರಿಹೋಗುತ್ತದೆ ಎನ್ನುವುದು ಅರ್ಧ ನಿಜ. ಎಷ್ಟೋ ಟೀವಿಗಳಲ್ಲಿ 3.5 ಮಿಲಿಮೀಟರಿನ ಆ ಪಿನ್ನು ಚುಚ್ಚಿದೊಡನೆ ಸ್ಪೀಕರ್ ಬಾಯಿ ಮುಚ್ಚುತ್ತದೆ. ಆಗ ಅಮ್ಮ ಒಬ್ಬಳೇ ನಗುತ್ತಾಳೆ, ನಾವು ಪಾತ್ರಗಳ ತುಟಿ ನೋಡುತ್ತ ಕೂರುತ್ತೇವೆ. ಅದಕ್ಕೂ ಮುಂಚೆ, ನಾವು ನಕ್ಕದ್ದು ಕಂಡು ಅವಳು ನಗುತ್ತಿದ್ದಳು. ನನ್ನಿಂದ ಎರಡನ್ನೂ ನೋಡಲಾಗುವುದಿಲ್ಲ. ಒಂದು ಕೋಣೆಯಲ್ಲಿ ಕೂತವರು ಒಂದೇ ಮಾತಿಗೆ ಒಂದೇ ಹೊತ್ತಿಗೆ ನಗಬೇಕು.

ಕೆಲವು ಟೀವಿಗಳ ಸೌಂಡ್ ಮೆನುವಿನಲ್ಲಿ, ಇಲ್ಲವೇ ಆಕ್ಸೆಸಿಬಿಲಿಟಿ ಎಂಬಲ್ಲಿ, ಸ್ಪೀಕರೂ ಹೆಡ್‌ಫೋನೂ ಒಟ್ಟಿಗೆ ನುಡಿಯುವ ಆಯ್ಕೆ ಇರುತ್ತದೆ. ಇದ್ದರೆ ಪುಣ್ಯ. ಬ್ಲೂಟೂತಿನದು ಬೇರೆ ತೊಡಕು. ಸದ್ದನ್ನು ಕುಗ್ಗಿಸಿ, ಕಳಿಸಿ, ಮತ್ತೆ ಹಿಗ್ಗಿಸುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದೆರಡು ಪಾಲು ತಡವಾಗುವುದುಂಟು. ಒಬ್ಬರೇ ನೋಡುವಾಗ ಟೀವಿ ಚಿತ್ರವನ್ನೂ ಅಷ್ಟೇ ತಡೆದು ಹೊಂದಿಸಬಲ್ಲದು. ಕೋಣೆಯ ಸ್ಪೀಕರೂ ಮಾತಾಡುತ್ತಿದ್ದರೆ ಅದೇ ಮಾತು ಎರಡು ಸಲ ಕೇಳಿ ಅಮ್ಮನಿಗೆ ತಲೆ ತಿರುಗುತ್ತದೆ.

ನನಗೆ ಮೆಚ್ಚಾದದ್ದು ಟೀವಿಯ ಬೆನ್ನಲ್ಲಿರುವ ಆ ಪುಟ್ಟ ಚೌಕದ ಕಿಂಡಿ, ಆಪ್ಟಿಕಲ್ ಔಟ್. 1983ರಲ್ಲಿ ತೋಷಿಬಾ ತಂದ ಟಾಸ್‌ಲಿಂಕ್ ಎಂಬ ಏರ್ಪಾಟು ಅದು. ಅದರ ಕೇಬಲಿನ ಒಂದು ತುದಿ ಸಿಕ್ಕಿಸಿ ಇನ್ನೊಂದನ್ನು ಅಂಗೈಯ ಮೇಲೆ ಹಿಡಿದರೆ ಕುಂಕುಮದ ಬೊಟ್ಟಿನಂತೆ ಒಂದು ಕೆಂಪು ಬೆಳಕು. ಧಾರಾವಾಹಿಯ ಅಷ್ಟೂ ಅಳು, ಜಗಳ, ಸಂಗೀತ ಆ ಬೆಳಕಿನಲ್ಲೇ ಸಾಗುವುದೆಂದರೆ ಇಂದಿಗೂ ನನಗೆ ಬೆರಗು. ಅದನ್ನು ರೇಡಿಯೋ ತರಂಗದ ಹೆಡ್‌ಫೋನಿನ ಸ್ಟ್ಯಾಂಡಿಗೆ ಕೊಟ್ಟರೆ ತಡ ಗೊತ್ತೇ ಆಗುವುದಿಲ್ಲ. ಸಾಮಾನ್ಯವಾಗಿ ರಿಮೋಟಿನ ವಾಲ್ಯೂಮ್ ಈ ಕಿಂಡಿಯನ್ನು ಮುಟ್ಟುವುದಿಲ್ಲ. ನಮಗೆ ಬೇಕಾದಷ್ಟು ನಾವು ತಗ್ಗಿಸಬಹುದು, ಅಮ್ಮ ತನಗೆ ಬೇಕಾದಷ್ಟು ಕಿವಿಯ ಬಳಿಯ ಗುಂಡಿಯಲ್ಲೇ ಏರಿಸಿಕೊಳ್ಳಬಹುದು. ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂಗೆ ಇಡಬೇಕು, ಅಷ್ಟೇ. ಇಲ್ಲದಿದ್ದರೆ ಡಾಲ್ಬಿ ಸದ್ದಿನ ಸಿನಿಮಾ ಬಂದಾಗ ಹೆಡ್‌ಫೋನ್ ಸುಮ್ಮನಾಗಬಹುದು.

ಕಿವಿಯನ್ನು ಪೂರ್ತಿ ಮುಚ್ಚದ ಬಗೆಯದನ್ನೇ ಆರಿಸಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊಮ್ಮಗಳು “ಅಜ್ಜಿ, ನಾಳೆ ದೋಸೆ ಮಾಡ್ತೀಯಾ?” ಎಂದದ್ದೂ ಕಿವಿಗೆ ಬೀಳಬೇಕಲ್ಲ.

ಈಗ ಅಮ್ಮ ನಮಗಿಂತ ಸೂಕ್ಷ್ಮವಾಗಿ ಕೇಳುತ್ತಾಳೆ. ಮೊನ್ನೆ ಸೊಸೆಯ ಪಾತ್ರ ಏನೋ ಆಣೆ ಹಾಕುತ್ತಿದ್ದಾಗ, “ಸುಳ್ಳು ಹೇಳ್ತಿದಾಳೆ ಕಣ್ರೋ, ದನಿ ನಡುಗ್ತಿರೋದು ಕೇಳಿಸ್ಲಿಲ್ವಾ?” ಎಂದಳು. ನಮಗ್ಯಾರಿಗೂ ಕೇಳಿಸಿರಲಿಲ್ಲ. “ಹಾಗೇನಿಲ್ಲ ಅತ್ತೆ, ಪಾಪ ಒಳ್ಳೆಯವಳು” ಎಂದು ನನ್ನ ಹೆಂಡತಿ ವಾದಕ್ಕೆ ನಿಂತಳು. ಜಾಹೀರಾತು ಮುಗಿದರೂ ಇಬ್ಬರೂ ಬಿಟ್ಟುಕೊಡಲಿಲ್ಲ.