ಹ್ಯಾರಿ ಪಾಟರ್‌ಗೆ ನಲವತ್ತಾದಾಗ

‘ಹ್ಯಾರಿ ಪಾಟರ್ ಅಂಡ್ ದ ಕರ್ಸ್ಡ್ ಚೈಲ್ಡ್’ ಬಗ್ಗೆ ನನ್ನ ಗೆಳೆಯರ ಬಳಗದಲ್ಲಿ ಎದ್ದ ಮೊದಲ ದೂರು, ಅದು ಕಾದಂಬರಿ ಅಲ್ಲ ಅನ್ನೋದು. 2007ರಲ್ಲಿ ಏಳನೇ ಪುಸ್ತಕ ಮುಗಿಸಿ ಒಂಬತ್ತು ವರ್ಷ ಕಾದವರ ಕೈಗೆ ಬಂದದ್ದು ನಾಟಕದ ಸ್ಕ್ರಿಪ್ಟು. ಪುಟ ತೆರೆದರೆ ಹೆಸರು, ಅದರ ಕೆಳಗೆ ಮಾತು, ನಡುನಡುವೆ ರಂಗಸೂಚನೆ, ಅಷ್ಟೇ. ಅದೂ ರೌಲಿಂಗ್ ಒಬ್ಬರೇ ಬರೆದದ್ದಲ್ಲ. ಕತೆ ರೌಲಿಂಗ್, ಜಾನ್ ಟಿಫನಿ, ಜ್ಯಾಕ್ ಥಾರ್ನ್ ಮೂವರದು. ನಾಟಕ ಬರೆದದ್ದು ಥಾರ್ನ್. ಲಂಡನ್ನಿನ ಪ್ಯಾಲೇಸ್ ಥಿಯೇಟರಿನಲ್ಲಿ 2016ರ ಜುಲೈ 30ಕ್ಕೆ ನಾಟಕದ ಅಧಿಕೃತ ಆರಂಭ ಆಯ್ತು, ಮಾರನೇ ದಿನ ಪುಸ್ತಕ ಬಂತು. ಅವತ್ತು ಹ್ಯಾರಿಯ ಹುಟ್ಟುಹಬ್ಬ ಅಂತ ಇದನ್ನ ಓದ್ತಿರೋರಿಗೆ ನಾನು ಹೇಳಬೇಕಾಗಿಲ್ಲ.

ನಾಟಕ ಅನ್ನೋದು ನಂಗೇನೂ ತೊಂದರೆ ಮಾಡಲಿಲ್ಲ. ‘ತುಘಲಕ್’ ಅನ್ನ ರಂಗದ ಮೇಲೆ ನೋಡೋಕೆ ಎಷ್ಟೋ ಮುಂಚೆ ಪುಸ್ತಕವಾಗಿ ಓದಿದ ಪೈಕಿ ನಾನು. ತೊಂದರೆ ಆದದ್ದು ಬೇರೆ ಕಡೆ.

ಐದನೇ ಪುಸ್ತಕ ಬಂದದ್ದು 2003ರಲ್ಲಿ. ಅದರಲ್ಲಿ ಹ್ಯಾರಿಗೆ ಹದಿನೈದು, ಶಿವಮೊಗ್ಗದಲ್ಲಿ ನಂಗೂ ಹದಿನೈದು. ಆ ದಪ್ಪ ಪುಸ್ತಕದ ತುಂಬ ಅವನು ಎಲ್ಲರ ಮೇಲೂ ರೇಗ್ತಾನೆ. ದೊಡ್ಡವರು ಯಾರೂ ನಂಗೆ ಏನೂ ಹೇಳಲ್ಲ ಅನ್ನೋದು ಅವನ ಸಿಟ್ಟು. ನಮ್ಮನೇಲೂ ಯಾರೂ ಏನೂ ಹೇಳ್ತಿರಲಿಲ್ಲ. ಹಾಗಾಗಿ ನಾನು ಅವನ ಪಕ್ಷ. ಏಳೂ ಪುಸ್ತಕಗಳಲ್ಲಿ ಬಹುಪಾಲು ನಾವು ಇರೋದೇ ಅವನ ತಲೆಯೊಳಗೆ: ಅವನ ಹಸಿವು, ಅವನ ಗಾಯದ ಉರಿ, ಸ್ನೇಪ್ ಮೇಲಿನ ದ್ವೇಷ, ಚೋ ಚಾಂಗ್ ಎದುರು ನಾಲಿಗೆ ಒಣಗೋದು.

ನಾಟಕದಲ್ಲಿ ಆ ತಲೆಯ ಬಾಗಿಲು ಮುಚ್ಚಿದೆ. ಹ್ಯಾರಿ ಈಗ ಮಂತ್ರಾಲಯದಲ್ಲಿ ದೊಡ್ಡ ಅಧಿಕಾರಿ, ಮೂರು ಮಕ್ಕಳ ಅಪ್ಪ, ಮೇಜಿನ ಮೇಲೆ ಓದದೇ ಬಿಟ್ಟ ಫೈಲು. ಅವನು ಏನೋ ಅಂತಾನೆ, ಸುಮ್ಮನಾಗ್ತಾನೆ, ಆಚೆ ಹೋಗ್ತಾನೆ. ಯಾಕೆ ಹಾಗಂದ, ಗೊತ್ತಾಗಲ್ಲ. ಓದ್ತಾ ಓದ್ತಾ ಅನ್ನಿಸಿತು, ಅಪ್ಪ ಅನ್ನೋ ಮನುಷ್ಯ ಮಕ್ಕಳಿಗೆ ಕಾಣೋದೇ ಹೀಗಲ್ವಾ? ನಾಲ್ಕು ಸಾಲು ಮಾತು, ನಡುವೆ ಒಂದು ರಂಗಸೂಚನೆ. ನಮ್ಮಪ್ಪನ ಭಾನುವಾರದ ಫೋನನ್ನ ಬರೆದರೆ ಥೇಟ್ ಇದೇ ಸ್ಕ್ರಿಪ್ಟು.

‘ಊಟ ಆಯ್ತಾ?’
‘ಆಯ್ತು.’
‘ಅಲ್ಲಿ ಮಳೆನಾ?’
‘ಇಲ್ಲ ಅಪ್ಪ.’
‘ಸರಿ, ಅಮ್ಮಂಗೆ ಕೊಡ್ತೀನಿ.’

ಕತೆಯ ಮಟ್ಟಿಗೆ ಹೇಳೋದಾದ್ರೆ, ಸುಮಾರು. ಟೈಮ್ ಟರ್ನರ್ ಹಿಡಿದು ಹಿಂದಕ್ಕೆ ಹೋಗೋದು, ಅಲ್ಲಿ ಒಂದು ಎಳೆ ಎಳೆದರೆ ಇಲ್ಲಿ ಲೋಕವೇ ಬದಲಾಗೋದು, ಇವೆಲ್ಲ ನೂರು ಸಿನಿಮಾಗಳಲ್ಲಿ ನೋಡಿದ್ದೇ. ಸೆಡ್ರಿಕ್‌ನಂಥ ಹುಡುಗ ಒಂದು ಅವಮಾನಕ್ಕೆ ವೋಲ್ಡೆಮಾರ್ಟ್ ಕಡೆ ಸೇರ್ತಾನೆ ಅಂದ್ರೆ ನಾನಂತೂ ನಂಬಲ್ಲ. ರೈಲಿನಲ್ಲಿ ತಿಂಡಿ ಮಾರೋ ಅಜ್ಜಿಯ ವಿಷಯ ಎತ್ತದೇ ಇರೋದೇ ಒಳ್ಳೇದು.

ಆದ್ರೆ ಮೊದಲ ಅಂಕದಲ್ಲಿ ಒಂದು ದೃಶ್ಯ ಇದೆ. ಹ್ಯಾರಿಯ ಮಗ ಆಲ್ಬಸ್ ಹಾಗ್ವರ್ಟ್ಸ್ ಸೇರ್ತಾನೆ, ಸ್ಲಿದರಿನ್‌ಗೆ ಬೀಳ್ತಾನೆ, ಮಾಲ್ಫಾಯ್ ಮಗನ ಜೊತೆ ದೋಸ್ತಿ ಮಾಡ್ತಾನೆ. ಇಷ್ಟಾಗೋಷ್ಟರಲ್ಲಿ ಮೂರು ವರ್ಷ ಮುಗಿದಿರುತ್ತೆ, ಕೆಲವೇ ಪುಟಗಳಲ್ಲಿ! ಹ್ಯಾರಿಗೆ ವರ್ಷಕ್ಕೊಂದು ದಪ್ಪ ಪುಸ್ತಕ ಸಿಕ್ಕಿತ್ತು. ಅವನ ಮಗನ ಬಾಲ್ಯ ರಂಗದ ಮೇಲೆ ಬಟ್ಟೆ ಬದಲಾಯಿಸೋದ್ರೊಳಗೆ ಆಗಿಹೋಗುತ್ತೆ. ಆಫೀಸಿನಿಂದ ರಾತ್ರಿ ಒಂಬತ್ತಕ್ಕೆ ಮನೆಗೆ ಬರೋ ಅಪ್ಪಂದಿರನ್ನ ಕೇಳಿ, ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ ಅಂತಾರೆ.

ಆಮೇಲಿನದು ನಾನು ಹೇಳಬೇಕು ಅಂತಿರೋ ದೃಶ್ಯ. ಮಗ ಮತ್ತೆ ಶಾಲೆಗೆ ಹೊರಡೋ ಹಿಂದಿನ ರಾತ್ರಿ. ರಾನ್ ಮಾವ ತಮಾಷೆಗೆ ಪ್ರೇಮಪಾಷಾಣದ ಸೀಸೆ ಕೊಟ್ಟಿದ್ದಾನೆ. ಅಪ್ಪ ಹಿಡಿದು ಬಂದಿರೋದು ಒಂದು ಹಳೇ ಹೊದಿಕೆ. ಹೆತ್ತವರು ಸತ್ತ ರಾತ್ರಿ ಕೂಸು ಹ್ಯಾರಿಯನ್ನ ಸುತ್ತಿದ್ದ ಹೊದಿಕೆ, ಅವನ ಹತ್ರ ಅಮ್ಮಂದು ಅಂತ ಉಳಿದಿರೋದು ಅದೊಂದೇ. ಮಗನಿಗೆ ಅದು ಹರಕು ಬಟ್ಟೆ. ಮಾತು ಬೆಳೆಯುತ್ತೆ. ನೀನು ನನ್ನಪ್ಪ ಆಗಿರಬಾರದಿತ್ತು ಅಂತ ಮಗ ಅಂತಾನೆ. ಕೆಲವು ಸಲ ನೀನು ನನ್ನ ಮಗ ಆಗಿರಬಾರದಿತ್ತು ಅನ್ನಿಸುತ್ತೆ ಅಂತ ಅಪ್ಪನೂ ಅಂದುಬಿಡ್ತಾನೆ. ಕಾದಂಬರಿಯಾಗಿದ್ರೆ ಮುಂದಿನ ಪ್ಯಾರಾದಲ್ಲಿ ಅವನ ಎದೆಯೊಳಗೆ ಏನಾಯ್ತು ಅಂತ ನಮಗೆ ಹೇಳ್ತಿದ್ರು. ಇಲ್ಲಿ ಒಂದು ಮೌನ, ಅಷ್ಟೇ.

ನಮ್ಮನೆ ಅಟ್ಟದ ಮೇಲೆ ಅಪ್ಪನ ಹಾಸ್ಟೆಲ್ ಕಾಲದ ತಗಡಿನ ಟ್ರಂಕಿತ್ತು, ಮುಚ್ಚಳದ ಮೇಲೆ ಬಿಳೀ ಬಣ್ಣದಲ್ಲಿ ಇನಿಷಿಯಲ್ ಸಮೇತ ಅವರ ಹೆಸರು. ಹದಿಮೂರರಲ್ಲಿ ಅದು ನನ್ನ ಹಾಗ್ವರ್ಟ್ಸ್ ಟ್ರಂಕು. ಅದರ ಮೇಲೆ ಕೂತು ಓದ್ತಿದ್ದೆ. ಇಪ್ಪತ್ತೆರಡಕ್ಕೆ ಬೆಂಗಳೂರಲ್ಲಿ ಕೆಲಸ ಸಿಕ್ಕಾಗ ಅಪ್ಪ ಅದನ್ನ ಇಳಿಸಿ, ಒರೆಸಿ, ಚಿಲಕಕ್ಕೆ ಎಣ್ಣೆ ಬಿಟ್ಟು, ಜಗಲಿ ಮೇಲೆ ಇಟ್ಟಿದ್ರು. ನಾನು ಚಕ್ರದ ಸೂಟ್‌ಕೇಸ್ ತಂದಿದ್ದೆ. ಪಿಜಿಯ ಮೂರನೇ ಮಹಡಿಗೆ ತಗಡಿನ ಟ್ರಂಕು ಹೊರೋದು ಆಗೋ ಮಾತಲ್ಲ, ಇವತ್ತಾದ್ರೂ ನಾನು ಸೂಟ್‌ಕೇಸೇ ಒಯ್ತೀನಿ. ಅಪ್ಪ ‘ಹೂಂ, ಅದೇ ಸರಿ’ ಅಂದು ಅದನ್ನ ವಾಪಸ್ ಅಟ್ಟಕ್ಕೆ ಏರಿಸಿದ್ರು. ಸಹಾಯಕ್ಕೆ ಕರೀಲಿಲ್ಲ. ಆ ರಂಗಸೂಚನೆಯನ್ನ ಓದಿದ್ದು ಮಾತ್ರ ಆರು ವರ್ಷ ಆದ್ಮೇಲೆ, ಇನ್ನೊಬ್ಬರ ನಾಟಕದಲ್ಲಿ.

ಕಾರ್ನಾಡರ ಮೊದಲ ನಾಟಕ ‘ಯಯಾತಿ’ಯಲ್ಲಿ ಅಪ್ಪ ಮಗನ ಯೌವನವನ್ನೇ ಕೇಳ್ತಾನೆ. ಹ್ಯಾರಿ ಪಾಪ ಅಷ್ಟೆಲ್ಲ ಕೇಳಲ್ಲ. ತನ್ನ ಹಳೇದೊಂದನ್ನ ತಗೋ ಅಂತಾನೆ. ಅದೇ ಭಾರ ಆಗುತ್ತೆ.

ಹೊದಿಕೆ ಮುಂದೆ ಕತೆಯಲ್ಲಿ ದೊಡ್ಡ ಕೆಲಸ ಮಾಡುತ್ತೆ, ಅದನ್ನ ಹೇಳಲ್ಲ, ಓದ್ಕೊಳ್ಳಿ. ನಂಗೆ ಅದಕ್ಕಿಂತ ಹಿಡಿಸಿದ್ದು ಕೊನೇ ದೃಶ್ಯ. ಗುಡ್ಡದ ಮೇಲೆ ಅಪ್ಪ ಮಗ ಇಬ್ಬರೇ. ನಿಂಗೆ ಯಾವುದಕ್ಕೂ ಹೆದರಿಕೆ ಇಲ್ಲ ಅಂತ ಆಲ್ಬಸ್ ಅಂದ್ಕೊಂಡಿದ್ದಾನೆ. ವೋಲ್ಡೆಮಾರ್ಟನ್ನ ಸೋಲಿಸಿದ ಹ್ಯಾರಿ ಪಾಟರ್ ತಡವರಿಸ್ತಾ ಹೇಳ್ತಾನೆ: ಕತ್ತಲೆ, ಇಕ್ಕಟ್ಟಾದ ಜಾಗ, ಆಮೇಲೆ, ಯಾರಿಗೂ ಹೇಳಿಲ್ಲ, ಪಾರಿವಾಳ.

ಪುಸ್ತಕ ಮುಗಿಸಿದ ಭಾನುವಾರ ಊಟ, ಮಳೆ ಎರಡೂ ಆದ್ಮೇಲೆ ‘ಅಪ್ಪ, ನಿಮಗೆ ಏನಂದ್ರೆ ಹೆದರಿಕೆ?’ ಅಂತ ಕೇಳಿದೆ.

‘ಯಾಕೆ ಪುಟ್ಟಿ, ಆರಾಮಿದೀಯ ತಾನೇ?’

‘ಆರಾಮಿದೀನಿ. ಸುಮ್ನೆ ಕೇಳ್ದೆ.’

ಆ ಕಡೆ ಟಿವಿ ಸದ್ದು ಸಣ್ಣದಾಯ್ತು. ‘ಲಿಫ್ಟು,’ ಅಂದ್ರು. ‘ಬಾಗಿಲು ಹಾಕ್ಕೊಳ್ಳುತ್ತಲ್ಲ, ಆಗ.’

ಈಗ ನಾನಿರೋದು ಐದನೇ ಮಹಡಿ. ಬಂದಾಗೆಲ್ಲ ‘ವ್ಯಾಯಾಮ ಆಗುತ್ತೆ’ ಅಂತ ಅಪ್ಪ ಮೆಟ್ಟಿಲು ಹತ್ತಿಕೊಂಡೇ ಬರ್ತಾರೆ.