ನಲ್ಲೂರಿನ ಹುಣಸೆ ತೋಪಿನಲ್ಲಿ ಒಂದು ಸಂಜೆ

ಹುಣಸೆ ಮರದಲ್ಲಿ ದೆವ್ವ ಇರುತ್ತದೆ ಎಂದು ಹೇಳದ ಅಜ್ಜಿ ನಮ್ಮ ಸೀಮೆಯಲ್ಲಿ ಇರಲಿಕ್ಕಿಲ್ಲ. ಹಾಗಾದರೆ ಒಂದೇ ಕಡೆ ಮುನ್ನೂರರಷ್ಟು ಹುಣಸೆ ಮರಗಳಿರುವ ಊರಿನವರು ಏನು ಮಾಡಬೇಕು? ಇದು ಐದನೇ ಕ್ಲಾಸಿನ ನನ್ನ ಮೊಮ್ಮಗಳ ಪ್ರಶ್ನೆ. ಅಂಥ ಊರು ದೇವನಹಳ್ಳಿ ತಾಲ್ಲೂಕಿನಲ್ಲೇ ಇದೆ. ಹೆಸರು ನಲ್ಲೂರು.

ರಜಾ ಶುರುವಾದಾಗಿನಿಂದ ಅವಳು ಟಿ.ವಿ.ಯಲ್ಲಿ ಒಂದು ದೆವ್ವದ ಸರಣಿಗೆ ಅಂಟಿಕೊಂಡಿದ್ದಳು. ಹಗಲೆಲ್ಲ ಶೂರಿ. ರಾತ್ರಿ ಬಚ್ಚಲುಮನೆಗೆ ಹೋಗಬೇಕಾದರೆ ಮಾತ್ರ ಅಜ್ಜಿ ಜೊತೆಗೆ ಬೇಕು. ಇಂಥ ಸರಣಿಗಳೇನೂ ಹೊಸವಲ್ಲ. 1993ರಲ್ಲಿ ‘ಜೀ ಹಾರರ್ ಶೋ’, 1995ರಲ್ಲಿ ‘ಆಹಟ್’ ಬಂದವು. ಆಮೇಲೆ ಟಿವಿ9ರ ‘ಹೀಗೂ ಉಂಟೆ’ಯನ್ನು ಊರಿಗೆ ಊರೇ ಕೂತು ನೋಡಿತು. ಈಗಿನವುಗಳಲ್ಲಿ ನಾಲ್ಕು ಜನ ಯುವಕರು ನಡುರಾತ್ರಿ ಪಾಳುಮನೆಗೆ ನುಗ್ಗುತ್ತಾರೆ. ಕೈಯಲ್ಲೊಂದು ಮಿಣುಕುವ ಯಂತ್ರ. ದೀಪ ಮಿಣುಕಿದರೆ ದೆವ್ವ ಬಂತು ಎಂದರ್ಥ!

ಆ ಯಂತ್ರ ವಿದ್ಯುತ್ ಮತ್ತು ಕಾಂತಕ್ಷೇತ್ರವನ್ನು ಅಳೆಯುತ್ತದೆ. ಗೋಡೆಯೊಳಗಿನ ವೈರಿಗೂ ಅದು ಮಿಣುಕೀತು, ಹಿಡಿದವನ ಜೇಬಿನ ಮೊಬೈಲಿಗೂ ಮಿಣುಕೀತು. ಕ್ಯಾಮೆರಾಕ್ಕೆ ಕತ್ತಲಲ್ಲಿ ಕಾಣಿಸಲೆಂದು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಬಿಡುತ್ತಾರೆ. ಆ ಬೆಳಕಿನಲ್ಲಿ ಲೆನ್ಸಿನ ಮುಂದೆ ಹಾರುವ ಧೂಳಿನ ಕಣ, ಸೊಳ್ಳೆ ಎಲ್ಲವೂ ತೇಲುವ ಬೆಳ್ಳನೆಯ ಗುಂಡುಗಳಾಗಿ ಕಾಣುತ್ತವೆ. ಇಷ್ಟೆಲ್ಲ ವಿವರಿಸಿದ ಮೇಲೂ ಮೊಮ್ಮಗಳು, “ಸರಿ ತಾತ, ಆದ್ರೆ ಹುಣಸೆ ಮರ?” ಎಂದಳು. ಮನೆಯಲ್ಲಿ ಕೂತು ವಾದ ಮಾಡುವುದಕ್ಕಿಂತ ಹೋಗಿ ನೋಡುವುದೇ ಮೇಲು.

ದೇವನಹಳ್ಳಿಯಲ್ಲಿ ಬಸ್ಸಿಳಿದು ಆಟೊ ಹಿಡಿದೆವು. ಆಕಾಶದಲ್ಲಿ ಒಂದರ ಹಿಂದೊಂದು ವಿಮಾನ. 2008ರ ಮೇ ತಿಂಗಳಲ್ಲಿ ಇಲ್ಲಿನ ವಿಮಾನ ನಿಲ್ದಾಣ ಶುರುವಾದ ಮೇಲೆ ಅದಕ್ಕೂ ಒಂದು ದೆವ್ವದ ಕತೆ ಅಂಟಿಕೊಂಡಿತು: ರನ್‌ವೇ ಮೇಲೆ ಬಿಳಿ ಸೀರೆಯ ಹೆಂಗಸು ನಿಂತಿರುತ್ತಾಳಂತೆ. ಇವಳಿಗೆ ಆ ಕತೆ ಬಾಯಿಪಾಠ. ನಾನು, “ಆಯಮ್ಮ ವಿಮಾನ ಬರುವ ಮೊದಲೇ ನಮ್ಮೂರಿಗೆ ಬಂದಿದ್ದಳು” ಎಂದು ಹಳೆಯ ಕತೆ ತೆಗೆದೆ.

1990ರ ದಶಕದ ‘ನಾಳೆ ಬಾ’ ಕತೆ ಅಜ್ಜಿ-ತಾತಂದಿರಿಗೆ ನೆನಪಿರಬೇಕು. ರಾತ್ರಿ ಒಂದು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವನ ಕತೆ ಮುಗಿಯಿತು ಎಂದು ಸುದ್ದಿ. ಅದಕ್ಕೆ ಉಪಾಯ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಓದಿಕೊಂಡು ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಅಕ್ಷರ ಕಲಿತ ದೆವ್ವ ಬೇರೆಲ್ಲೂ ಇದ್ದಂತಿಲ್ಲ! ಸೀಮೆಸುಣ್ಣ, ಇದ್ದಿಲು, ಕೈಗೆ ಸಿಕ್ಕಿದ್ದರಲ್ಲಿ ಊರೆಲ್ಲ ಬರೆದರು. ನಮ್ಮ ಬಾಗಿಲ ಮೇಲೂ ನೆರೆಯ ಹುಡುಗರು ಬರೆದು ಹೋಗಿದ್ದರು. ಇದೇ ಕತೆಯ ಎಳೆ ಹಿಡಿದು 2018ರಲ್ಲಿ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಬಂತು.

ಸಿನಿಮಾದಲ್ಲಿ ಇಲ್ಲದ್ದು ಒಂದಿದೆ. ನಮ್ಮ ಬೀದಿಗೆ ಒಬ್ಬ ಮುದುಕಿ ಸಂಜೆ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದಳು. ಗಂಡ ಸತ್ತವಳು, ಉಡುತ್ತಿದ್ದುದು ಬಿಳಿ ಸೀರೆ. ಆ ದಿನಗಳಲ್ಲಿ ಅವಳು ಯಾವ ಬಾಗಿಲು ತಟ್ಟಿದರೂ ತೆರೆಯುವವರಿಲ್ಲ. ನಮ್ಮ ಮನೆಗೆ ಬಂದಾಗ ಅಮ್ಮ ತೆರೆದಳು. “ಎಲ್ಲರ ಬಾಗ್ಲಲ್ಲೂ ಅದೇನವ್ವ ಬರ್ದವ್ರೆ?” ಎಂದಳು ಮುದುಕಿ. ಅವಳಿಗೆ ಓದು ಬರದು. “ನಾಳೆ ಬಾ ಅಂತ” ಎಂದಳು ಅಮ್ಮ. “ಸರಿ ಬುಡವ್ವ, ನಾಳೆ ಬತ್ತೀನಿ” ಎಂದು ಮುದುಕಿ ಹೊರಟೇಬಿಟ್ಟಳು. ಅಮ್ಮ ಅವಳನ್ನು ಕೂಗಿ ಕರೆದು ಒಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ಒದ್ದೆ ಬಟ್ಟೆ ತಂದು ಬಾಗಿಲು ಒರೆಸಿದಳು.

ದೆವ್ವದ ಭಯದಲ್ಲಿ ದೆವ್ವಕ್ಕೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಇಂಥವರಿಗೆ. ದೆವ್ವ ಬಿಡಿಸುವ ನೆಪದಲ್ಲಿ ಯಾರನ್ನಾದರೂ ಕಟ್ಟಿ ಹೊಡೆಯುವುದು ಅಪರಾಧವೆಂದು 2017ರಲ್ಲಿ ನಮ್ಮ ರಾಜ್ಯ ಕಾಯ್ದೆಯನ್ನೇ ತರಬೇಕಾಯಿತು.

ತೋಪು ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಸುಮಾರು ಐವತ್ನಾಲ್ಕು ಎಕರೆ ಜಾಗ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಿದರು. ದೇಶದಲ್ಲೇ ಮೊದಲನೆಯದು! ಚೋಳರ ಕಾಲದ ಮರಗಳೆಂದು ಜನ ಹೇಳುತ್ತಾರೆ. ವಿಜ್ಞಾನಿಗಳ ಲೆಕ್ಕದಲ್ಲಿ ಹಳೆಯ ಮರಕ್ಕೆ ನಾನೂರು ವರ್ಷ ದಾಟಿದೆ. ನನಗೆ ಅಷ್ಟೇ ಸಾಕು. ಕೆಲವು ಮರಗಳ ಬುಡ ನಾಲ್ಕಾರು ಹಗ್ಗ ಸೇರಿಸಿ ಹೊಸೆದಂತೆ ತಿರುಚಿಕೊಂಡಿದೆ, ಕೆಲವು ಒಳಗೆ ಟೊಳ್ಳಾಗಿವೆ. ಮಧ್ಯೆ ಚೆನ್ನಕೇಶವನ ಪಾಳು ಗುಡಿ. ಸರಣಿಯವರು ಕಂಡರೆ ಬಿಡುವ ಜಾಗವಲ್ಲ!

ಇದ್ದಕ್ಕಿದ್ದಂತೆ ಮೊಮ್ಮಗಳು ನನ್ನ ಕೈ ಹಿಸುಕಿದಳು. ದೂರದ ಎರಡು ಮರಗಳ ನಡುವೆ ಬಿಳಿ ಸೀರೆ! ಸೀರೆಯ ಹಿಂದೆ ಏಳೆಂಟು ಮೇಕೆಗಳೂ ಬಂದವು.

“ಅಜ್ಜಿ, ಇಲ್ಲಿ ದೆವ್ವ ಇದೆಯಾ?” ಎಂದು ಇವಳು ಕೇಳಿಯೇಬಿಟ್ಟಳು.

“ದೆವ್ವಾನಾ? ಮದ್ವೆಯಾಗಿ ಬಂದಾಗ್ನಿಂದ ಇಲ್ಲೇ ಮೇಕೆ ಕಾಯ್ತಿವ್ನಿ ಕಣವ್ವ. ಒಂದಿನಾನೂ ಕಂಡಿಲ್ಲ. ಇಲ್ಲಿಗೆ ಬಂದು ಬಾಟ್ಲಿ ಒಡೆದು ಹೋಗೋರು ಮಾತ್ರ ಕಾಣ್ತಾರೆ. ಮೇಕೆ ಕಾಲು ಕುಯ್ದೋಯ್ತದೆ.”

ಗುಡಿಯ ಕಲ್ಲಿನ ಮೇಲೆ ಕೂತೆವು. ಸೂರ್ಯ ಇಳಿದಂತೆ ಹುಣಸೆಯ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳತೊಡಗಿದವು. ಹುಣಸೆ, ಮುಟ್ಟಿದರೆ ಮುನಿ ಎರಡೂ ಒಂದೇ ಕುಟುಂಬದವು. ಪುಟ್ಟ ಎಲೆಗಳ ಬುಡದಲ್ಲಿರುವ ಉಬ್ಬಿನಿಂದ ನೀರು ಸರಿದಾಗ ಎಲೆ ಮಡಚುತ್ತದೆ. ಹಗಲಿಡೀ ನೆರಳು ಕೊಟ್ಟ ಮರ ಬೇರೆಯದೇ ಆಗಿ ಕಾಣುವುದು ಆಗಲೇ. ರಾತ್ರಿ ಹುಣಸೆ ಮರ ಕೆಟ್ಟ ಗಾಳಿ ಬಿಡುತ್ತದೆ, ಅದಕ್ಕೇ ಹಿರಿಯರು ದೆವ್ವದ ಕತೆ ಕಟ್ಟಿದರು ಎಂದು ಕೆಲವರು ಜಾಣತನದಿಂದ ವಿವರಿಸುತ್ತಾರೆ. ನನಗೇಕೋ ಅದೂ ಒಂದು ಕತೆಯೆನಿಸುತ್ತದೆ. ಎಲ್ಲ ಗಿಡಮರಗಳೂ ರಾತ್ರಿ ಉಸಿರಾಡುತ್ತವೆ, ಪಕ್ಕದಲ್ಲಿ ಗೊರಕೆ ಹೊಡೆಯುವ ತಾತನೂ ಇಂಗಾಲದ ಡೈಆಕ್ಸೈಡನ್ನೇ ಬಿಡುತ್ತಾನೆ!

ಆಗ ಕೇಳಿಸಿತು, ತಲೆಯ ಮೇಲಿನ ಪೊಟರೆಯಿಂದ ಕಿರ್ರ್ ಕಿಚಕಿಚ ಎಂದು ಯಾರೋ ಇಬ್ಬರು ಜಗಳವಾಡುತ್ತಾ ನಕ್ಕ ಹಾಗೆ. ಮೊಮ್ಮಗಳು ನನ್ನ ತೊಡೆಯ ಮೇಲೇ ಹತ್ತಿದಳು. “ನೋಡು, ಕಣ್ಣು ಮುಚ್ಚಬೇಡ” ಎಂದೆ. ಪೊಟರೆಯ ಬಾಯಲ್ಲಿ ಮೈಮೇಲೆ ಬಿಳಿ ಚುಕ್ಕೆಗಳಿದ್ದ ಪುಟ್ಟ ಗೂಬೆಯೊಂದು ಹೊರಬಂದು ಕೂತಿತು. ನಮ್ಮನ್ನು ನೋಡಿ ತಲೆಯನ್ನು ಮೇಲೆ ಕೆಳಗೆ ಆಡಿಸಿತು. ಹಿಂದೆಯೇ ಅದರ ಜೊತೆಗಾತಿ. ಇವಳೂ ತಲೆ ಆಡಿಸಿದಳು. ಅದು ಮತ್ತೆ ಆಡಿಸಿತು. ಈ ಆಟ ಎಷ್ಟು ಹೊತ್ತು ನಡೆಯಿತೋ, ಮೇಕೆಯಜ್ಜಿ, “ಲೈಟಿಲ್ಲದ ದಾರಿ, ಹೊರಡ್ರಪ್ಪ” ಎಂದು ಕೂಗಿದಾಗಲೇ ನಾವು ಎದ್ದದ್ದು.

ನೀವು ಹೋಗುವುದಾದರೆ ನೀರಿನ ಬಾಟಲಿ ಒಯ್ದು, ಖಾಲಿಯಾದ ಮೇಲೆ ವಾಪಸ್ಸು ತನ್ನಿ. ಪೊಟರೆಗೆ ಕಡ್ಡಿ ಹಾಕಬೇಡಿ. ರಸ್ತೆಯವರೆಗೂ ಮೇಕೆಯಜ್ಜಿಯ ಚಿಕ್ಕ ಮರಿಯನ್ನು ಎತ್ತಿಕೊಂಡು ಬಂದದ್ದು ಮೊಮ್ಮಗಳೇ. ಆಟೊದಲ್ಲಿ ಕೂತವಳು ತನ್ನ ಫ್ರಾಕು ಮೂಸಿ ನೋಡಿ, “ತಾತ, ಮೇಕೆ ವಾಸನೆ” ಎಂದಳು.