ಸಡಿಲ ಬಿಡುವ ಕೈ

ಅಡಿಕೆ ಸುಲಿಯುವುದೆಂದರೆ ನನಗೆ ಬಲು ಪ್ರೀತಿ. ನಮ್ಮೂರು ಕುಪ್ಪಗಡ್ಡೆಯಲ್ಲಿ ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಮನೆಯೊಳಗೆ ಹಸಿ ಅಡಿಕೆಯ ರಾಶಿ ಬೀಳುತ್ತದೆ. ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಸಿಪ್ಪೆ ಸೀಳಬೇಕು, ಒಳಗಿನ ಅಡಿಕೆಗೆ ಗಾಯವಾಗಬಾರದು, ಬೆರಳಂತೂ ಅಲಗಿನ ಹತ್ತಿರ ಸುಳಿಯಲೇಬಾರದು. ಒತ್ತು, ತಿರುಚು, ಬಿಡಿಸು, ಬುಟ್ಟಿಗೆ ಹಾಕು. ಹಳಬರು ಊರಿನ ಸುದ್ದಿಯೆಲ್ಲ ಮಾತಾಡುತ್ತ, ಕತ್ತಿಯ ಕಡೆ ನೋಡದೆಯೇ ಇದನ್ನು ಮಾಡುತ್ತಾರೆ.

ಇಷ್ಟೆಲ್ಲ ಮಾಡುವ ಬೆರಳಿನೊಳಗೆ ಅದನ್ನು ಮಡಿಸುವ ಸ್ನಾಯುವೇ ಇಲ್ಲ ಎಂದರೆ ಅವರು ನಂಬುವುದಿಲ್ಲ. ಆಗ ಮುಂಗೈ ಹಿಡಿದುಕೊಂಡು ಬೆರಳಾಡಿಸಿ ನೋಡಲು ಹೇಳುತ್ತೇನೆ. ಉಬ್ಬಿ ಇಳಿಯುವುದು ಅಲ್ಲಿ ತಿಳಿಯುತ್ತದೆ. ಮಣಿಕಟ್ಟು ದಾಟಿ ಬಂದ ರಜ್ಜುಗಳು ಬೆರಳನ್ನು ಎಳೆಯುತ್ತವೆ. ಮಿದುಳಿನ ಅಪ್ಪಣೆ ಕತ್ತಿನ ಹತ್ತಿರ ಬೆನ್ನುಹುರಿಯಲ್ಲಿ ಇನ್ನೊಂದು ನರಕೋಶಕ್ಕೆ ದಾಟಿ, ಸೆಕೆಂಡಿಗೆ 50–60 ಮೀಟರ್ ವೇಗದಲ್ಲಿ ತೋಳಿನೊಳಗೆ ಇಳಿದು ಬರುತ್ತದೆ. ಇಷ್ಟಾದರೂ ನರ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಸುಮಾರು 50 ನ್ಯಾನೊಮೀಟರ್‌ನಷ್ಟು ಸಂದು ಉಳಿದಿದೆ. ವಿದ್ಯುತ್ತಾಗಿ ಬಂದ ಅಪ್ಪಣೆ ಅಲ್ಲಿಗೆ ನಿಲ್ಲುತ್ತದೆ, ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಆ ಸಂದನ್ನು ದಾಟುತ್ತದೆ. ನರ ಹೀಗೆ ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತದೆಂದು 1921ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯದಲ್ಲಿ ತೋರಿಸಿದರು. ಕೈಕಾಲಿನ ಸ್ನಾಯುಗಳಲ್ಲೂ ಹೀಗೇ ಎಂಬುದನ್ನು ಹೆನ್ರಿ ಡೇಲ್ ಮತ್ತು ಸಂಗಡಿಗರು ಕಂಡುಕೊಂಡರು. 1936ರ ನೊಬೆಲ್ ಲೋವಿ, ಡೇಲ್ ಇಬ್ಬರಿಗೂ ಬಂತು.

ಸುದ್ದಿ ಮುಟ್ಟಿದ್ದೇ ತಡ, ಸ್ನಾಯುತಂತುವಿನ ಒಳಚೀಲಗಳಿಂದ ಕ್ಯಾಲ್ಸಿಯಂ ಹೊರಗೆ ಬೀಳುತ್ತದೆ. ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳ ಮೇಲಿನ ತಡೆ ಸರಿಯುತ್ತದೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್ ಅವನ್ನು ಹಿಡಿದು ಎಳೆದು, ಬಿಟ್ಟು, ಮತ್ತೆ ಹಿಡಿದು ಎಳೆಯುತ್ತದೆ. ಕಾಯಿ ಅಲಗಿಗೆ ಒತ್ತಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಇದರ ಮುಂದಿನ ಭಾಗ. ಕೈ ಸಡಿಲಾಗುವುದು ತನ್ನಷ್ಟಕ್ಕೆ ಆಗುವ ಸಂಗತಿಯಲ್ಲ. ಸಂದಿನಲ್ಲಿರುವ ಕಿಣ್ವ ಅಸಿಟೈಲ್‌ಕೋಲಿನ್ನನ್ನು ಕೂಡಲೇ ಒಡೆಯಬೇಕು. ಕ್ಯಾಲ್ಸಿಯಂ ಅನ್ನು ಮತ್ತೆ ಒಳಚೀಲಕ್ಕೆ ತುಂಬಬೇಕು. ಎಳೆಯಲು ಖರ್ಚಾಗುವ, ಜೀವಕೋಶದ ಇಂಧನವಾದ ಎಟಿಪಿಯೇ ಈ ತುಂಬುವ ಕೆಲಸಕ್ಕೂ ಬೇಕು. ಮಯೋಸಿನ್ ಹಿಡಿತ ಬಿಡುವುದಕ್ಕೂ ಅದೇ ಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಅದು ಮುಗಿದಾಗ. ಬೆಳೆಗೆ ಹೊಡೆಯುವ ಕೆಲವು ಕೀಟನಾಶಕಗಳು ಮೈಗೆ ಸೇರಿದರೆ ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸುದ್ದಿ ಅಳಿಸುವುದಿಲ್ಲ, ಸ್ನಾಯು ಅದುರಿ ಅದುರಿ ಕೊನೆಗೆ ಸೋಲುತ್ತದೆ, ಉಸಿರೆಳೆಯುವ ಸ್ನಾಯು ಕೂಡ. ಔಷಧಿ ಹೊಡೆಯುವಾಗ ಕೈಗವಸು ಹಾಕಿಕೊಳ್ಳಿ ಎಂದು ತೋಟದವರ ಬೆನ್ನು ಹತ್ತುವುದು ನಾನು ಅದಕ್ಕೇ.

"ಕೈ ಸಡ್ಲ ಬಿಡೋ ತಮ್ಮಾ, ಅಡಿಕೆ ಎಲ್ಲಿಗೂ ಓಡಿ ಹೋಗಲ್ಲ" ಎಂದು ಪಕ್ಕದ ಮನೆಯ ಅತ್ತೆ ಹೊಸಬರಿಗೆಲ್ಲ ಹೇಳುತ್ತಾರೆ. ಹೊಸಬ ಒಂದು ಕಾಯಿಂದ ಇನ್ನೊಂದಕ್ಕೆ ಹೋಗುವಾಗಲೂ ಬಿಗಿ ಹಿಡಿದೇ ಇರುತ್ತಾನೆ, ಬೇಗ ದಣಿಯುತ್ತಾನೆ. ಅತ್ತೆಯ ಕೈ ಪ್ರತಿ ಕಾಯಿಗೂ ಒಮ್ಮೆ ಪೂರ್ತಿ ಬಿಡುತ್ತದೆ. ಆ ಬಿಡುವು ಕಣ್ಣಿಗೆ ಕಾಣದಷ್ಟು ಸಣ್ಣದು, ಅವರ ಕಸುಬುಗಾರಿಕೆಯೆಲ್ಲ ಇರುವುದು ಅಲ್ಲೇ ಎಂದು ನನ್ನ ಎಣಿಕೆ.

ಸುಲಿಯುವ ಯಂತ್ರಗಳು ಬಂದಿವೆ. ಆಳು ಸಿಗದ ಕಾಲದಲ್ಲಿ ಅವು ಬೇಕು. ಆದರೂ ದಿನಕ್ಕೊಂದು ಬುಟ್ಟಿ ಕಾಯಿ ನನಗೆಂದು ತೆಗೆದಿಡಿ ಎಂದು ಮನೆಯಲ್ಲಿ ಹೇಳಿದ್ದೇನೆ.